ಸೂಜಿ ಕುದಿಯುವ ಹೊತ್ತಿನ ಪಾಠ

ಮೊನ್ನೆ ಮನೆಯಲ್ಲಿ ಗ್ಯಾಸ್ ಮುಗಿದಿತ್ತು. ಸಿಲಿಂಡರ್ ತರುವವನು ಇವತ್ತು ನಾಳೆ ಎಂದು ಸತಾಯಿಸುತ್ತಿದ್ದ. ಕೊನೆಗೆ ಸೊಸೆ ಅಟ್ಟದಿಂದ ಹಳೆಯ ಪಂಪ್ ಸ್ಟವ್ ಇಳಿಸಿ, ಪಿನ್ ಹಾಕಿ, ಸೀಮೆಎಣ್ಣೆ ತುಂಬಿ ಹೊತ್ತಿಸಿದಳು. ಕಾಫಿಗೆಂದು ಮೇಲೆ ಬರೀ ನೀರಿಟ್ಟಳು. ಸೀಮೆಎಣ್ಣೆಯ ಹೊಗೆ, ಏನೂ ಹಾಕದ ನೀರಿನ ಹಬೆ... ಎರಡೂ ಬೆರೆತ ಆ ವಾಸನೆ ಅಡುಗೆಮನೆ ದಾಟಿ ನಾನು ಕೂತಿದ್ದಲ್ಲಿಗೆ ಬಂತು. ಬೇರೆಯವರಿಗೆ ಅದು ಕಾಫಿ ಬರುವ ಸೂಚನೆ. ನನಗೆ ಅದು ಸೂಜಿಯ ವಾಸನೆ. ಪೇಪರ್ ಮಡಿಸಿಟ್ಟು ಕಣ್ಣು ಮುಚ್ಚಿದೆ. "ಯಾಕತ್ತೆ, ಹೊಗೆ ಕಣ್ಣಿಗೆ ಹತ್ತಿತಾ?" ಎಂದು ಸೊಸೆ ಕೇಳಿದಳು. ಹೂಂ ಅಂದೆ. ನಿಂತ ನಿಲುವಿನಲ್ಲಿ ಹೇಳಿ ಮುಗಿಸುವ ಸಂಗತಿಯಲ್ಲ ಅದು.

ಐವತ್ತರ ದಶಕದ ಮೊದಲ ವರ್ಷಗಳು. ನಾನಾಗ ಯಲಹಂಕದ ಒಂದು ಸಣ್ಣ ದವಾಖಾನೆಯಲ್ಲಿ ನರ್ಸ್. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲವಾದ್ದರಿಂದ ಇಡೀ ಊರಿನ ಆರೋಗ್ಯ ನನ್ನ ಕೈಯಲ್ಲೇ ಇದೆ ಎಂಬ ಜಂಬ ಬೇಕಾದಷ್ಟಿತ್ತು. ಮೇಷ್ಟ್ರು ನಮ್ಮ ಹಿಂದಿನ ಬೀದಿಯವರು. ಜಕ್ಕೂರಿನ ಕಡೆ ಹೋಗುವ ಆ ಬೀದಿಯ ಕೊನೆಯ ಹೆಂಚಿನ ಮನೆ ಅವರದು. ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರು. ಯಾವ ಮಾತನ್ನೂ ಅದರ ಪಾಡಿಗೆ ಬಿಡುವ ಜಾಯಮಾನ ಅವರದಲ್ಲ. ಸಂತೆಯಲ್ಲಿ ಬೀಗ ಕೊಳ್ಳಲು ನಿಂತರೆ, ಚಾವಿ ಪೋರ್ಚುಗೀಸರ ಮನೆಯಿಂದ ಬಂದದ್ದು, ಕುರ್ಚಿ ಅರಬರ ಮನೆಯಿಂದ ಬಂದದ್ದು ಎಂದು ಅಂಗಡಿಯವನಿಗೇ ಪಾಠ ಶುರು. ಅಂಗಡಿಯವನು, "ಎಲ್ಲಿಂದಾದ್ರೂ ಬರ್ಲಿ ಮೇಷ್ಟ್ರೇ, ನೀವ್ ತಗೊಂಡ್ ಹೋದ್ರೆ ಸಾಕು" ಅನ್ನುತ್ತಿದ್ದ. ಬೀದಿಯವರು ಅವರ ಬೆನ್ನ ಹಿಂದೆ ನಗುತ್ತಿದ್ದರು. ನಾನೂ ನಕ್ಕವಳೇ.

ಆ ವರ್ಷ ಅವರ ಹೆಂಡತಿ ಚೊಚ್ಚಲ ಹೆರಿಗೆಗೆ ದೊಡ್ಡಬಳ್ಳಾಪುರದ ಕಡೆಯ ತವರಿಗೆ ಹೋದರು. ಅವರು ಹೋದ ಮೇಲೆ ಮೇಷ್ಟ್ರಿಗೆ ಕೆಮ್ಮು ಹಿಡಿಯಿತು. ಸಂಜೆಯಾದರೆ ಜ್ವರ. ಒಂದು ದಿನ ಕರವಸ್ತ್ರದಲ್ಲಿ ರಕ್ತ ಕಂಡಿತು. ಎಕ್ಸ್‌ರೇ ತೆಗೆಸಿದರೆ ಬಲಗಡೆಯ ಶ್ವಾಸಕೋಶದಲ್ಲಿ ಕಲೆ. ಟಿ.ಬಿ. ಎಂಬ ಮಾತನ್ನು ಆಗ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. 'ಎದೆ ಕಾಯಿಲೆ' ಎಂದು ತಗ್ಗಿದ ದನಿಯಲ್ಲಿ ಹೇಳಿ, ಆ ಮನೆಯ ಮುಂದೆ ಹಾಯುವಾಗ ಸೆರಗನ್ನು ಮೂಗಿಗೆ ಹಿಡಿಯುತ್ತಿದ್ದರು. ಮೇಷ್ಟ್ರ ವಿಧವೆ ಅಕ್ಕ ಬಂದು ಮನೆ ನೋಡಿಕೊಳ್ಳತೊಡಗಿದರು. ಮೇಷ್ಟ್ರ ತಟ್ಟೆ ಲೋಟ ಬೇರೆಯಾಯಿತು, ಹಾಸಿಗೆ ಜಗಲಿಯ ಪಕ್ಕದ ಕೋಣೆಗೆ ಹೋಯಿತು.

ಹೆಣ್ಣು ಮಗು ಹುಟ್ಟಿತೆಂಬ ಸುದ್ದಿಯ ಹಿಂದೆಯೇ ಅವರ ಮಾವ ಬಂದರು. ಒಳಗೆ ಕಾಲಿಡಲಿಲ್ಲ. ಅಂಗಳದಲ್ಲೇ ನಿಂತು, ಮುಖ ಬೇರೆ ಕಡೆ ಮಾಡಿ ಹೇಳಿದರು: "ಅಳಿಯಂದ್ರು ತೆಪ್ಪು ತಿಳ್ಕಾಬಾರ್ದು. ಕಫ ಚೊಕ್ಕ ಆಯ್ತು ಅಂತ ಡಾಕ್ಟ್ರು ಯೋಳೋಗಂಟ ಮಗಳ್ನೂ ಕೂಸ್ನೂ ಕಳ್ಸಾಕಿಲ್ಲ. ಕೂಸ್ಗೆ ಎಸ್ರಿಡೋ ಕಾರ್ಯನೂ ಅಲ್ಲೀಗಂಟ ಬ್ಯಾಡ."

ಅವರನ್ನು ನಾನು ಇವತ್ತಿಗೂ ಬಯ್ಯಲಾರೆ. ಎಳೆಕೂಸನ್ನು ಆ ಕೆಮ್ಮಿನ ಹತ್ತಿರ ಯಾರು ತಾನೇ ಬಿಡುತ್ತಾರೆ? ಆದರೆ ಮೇಷ್ಟ್ರು ಅಂದಿನಿಂದ ಒಂದೇ ಧ್ಯಾನಕ್ಕೆ ಬಿದ್ದರು. ಎದೆ ಚೊಕ್ಕವಾಗಬೇಕು, ಹೆಂಡತಿ ಮಗು ಮನೆಗೆ ಬರಬೇಕು. ಬದುಕುವುದಕ್ಕಿಂತಲೂ ಹೆಚ್ಚಾಗಿ ಅದನ್ನೇ ಬಯಸಿದ್ದರು ಅನ್ನಿಸುತ್ತದೆ.

ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ ಆಗ ಹೊಸತು. ಇಂಜೆಕ್ಷನ್ ಕೊಡಲು ದಿನಾ ಮಧ್ಯಾಹ್ನ ಅವರ ಮನೆಗೆ ನಾನು ಹೋಗಬೇಕೆಂದು ನಮ್ಮ ದವಾಖಾನೆಯ ಡಾಕ್ಟ್ರು ಹೇಳಿದರು. ಗಾಜಿನ ಸಿರಿಂಜು, ಸೂಜಿ ಎಲ್ಲವನ್ನೂ ಅವರ ಮನೆಯ ಸ್ಟವ್ ಮೇಲೆಯೇ ಕುದಿಸಿಕೊಳ್ಳುತ್ತಿದ್ದೆ. ಅದು ಕುದಿಯುವಷ್ಟು ಹೊತ್ತು ಬಾಗಿಲಾಚೆ ಕೂತು ಮಾತು. ಮಾತೇನು ಬಂತು, ಪಾಠ. ಔಷಧಿಯ ಪುಟ್ಟ ಸೀಸೆಯನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ಹೆಸರನ್ನು ಅವರು ಎಳೆ ಎಳೆಯಾಗಿ ಬಿಡಿಸುತ್ತಿದ್ದರು. ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡ ಒಂದು ದಪ್ಪ ಡಿಕ್ಷನರಿ ಅವರ ದಿಂಬಿನ ಪಕ್ಕದಲ್ಲೇ ಇರುತ್ತಿತ್ತು.

ಜಗಲಿಯಲ್ಲಿ ಅಕ್ಕ ದೇವರ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. ಮೇಷ್ಟ್ರು ಅದರಲ್ಲೊಂದನ್ನು ಕೇಳಿ ತರಿಸಿಕೊಂಡರು. "ನೋಡಮ್ಮ, ಸ್ಟ್ರೆಪ್ಟೋಸ್ ಅಂದ್ರೆ ಗ್ರೀಕರ ಮಾತಲ್ಲಿ ಹಿಂಗೆ ಹೊಸೆದದ್ದು. ಮೈಕೀಸ್ ಅಂದ್ರೆ ಅಣಬೆ. ಹೊಸೆದ ಅಣಬೆ. ಮಣ್ಣಲ್ಲಿರೋ ಒಂದು ಸಣ್ಣ ಜೀವ. ಭೂತಗಾಜಲ್ಲಿ ನೋಡಿದ್ರೆ ಬತ್ತಿ ಥರ ಸುತ್ತಿಕೊಂಡಿರುತ್ತಂತೆ. ಕಂಡವರು ಕಂಡ ಹಾಗೆ ಹೆಸರಿಟ್ಟರು." ಇನ್ನೊಂದು ದಿನ ಪೆನಿಸಿಲಿನ್ನಿನ ಸರದಿ. ಅದು ಲ್ಯಾಟಿನ್ನಿನ ಕುಂಚ. ಆ ಔಷಧಿ ಹುಟ್ಟುವ ಬೂಷ್ಟಿನ ತುದಿ ಬಣ್ಣ ಬಳಿಯುವ ಕುಂಚದ ಹಾಗೆ ಕವಲೊಡೆದಿರುತ್ತದಂತೆ. ಇವೆಲ್ಲಕ್ಕೂ ಸೇರಿ ಆಂಟಿಬಯೋಟಿಕ್ ಎಂಬ ಹೆಸರಿದೆಯಲ್ಲ, ಅದನ್ನು ಬಿಡಿಸಿದ ದಿನವಂತೂ ಕೆಮ್ಮು ಬರುವಷ್ಟು ನಕ್ಕರು. "ಆಂಟಿ ಅಂದ್ರೆ ವಿರುದ್ಧ, ಬಯೋಸ್ ಅಂದ್ರೆ ಬದುಕು. ಬದುಕಿಗೆ ವಿರುದ್ಧವಾದದ್ದನ್ನ ಚುಚ್ಚಿ ಚುಚ್ಚಿ ನನ್ನ ಬದುಕಿಸ್ತಾ ಇದೀಯ ನೀನು."

ನನಗೆ ಮೊದಮೊದಲು ಇದೆಲ್ಲ ತಲೆಹರಟೆ ಅನ್ನಿಸುತ್ತಿತ್ತು. ಆಮೇಲೆ ಯಾವಾಗಲೋ, ನೀರು ಬೇಗ ಕುದಿಯದಿದ್ದರೆ ಚೆನ್ನ ಅನ್ನಿಸತೊಡಗಿತು. ನರ್ಸಿಂಗ್ ಶಾಲೆಯಲ್ಲಿ ಉರು ಹೊಡೆದ ಹೆಸರುಗಳಿಗೆಲ್ಲ ಹುಟ್ಟು, ಮನೆ, ಸಂಬಂಧ ಇದೆಯೆಂದು ತೋರಿಸಿಕೊಟ್ಟವರು ಅವರೊಬ್ಬರೇ.

ಪಾಠದ ನಡುವೆ ಅವರು ಬಾಯಿ ಮುಚ್ಚುತ್ತಿದ್ದದ್ದು ಒಂದೇ ಸದ್ದಿಗೆ. ಅದು ಅಂಚೆಯವನ ಸೈಕಲ್ ಬೆಲ್ಲು. ಬೀದಿಯ ತುದಿಯಲ್ಲಿ ಅದು ಕಿಣಿ ಅಂದರೆ ಸಾಕು, ಎಂಥ ಮಾತಿದ್ದರೂ ಅರ್ಧಕ್ಕೆ ಬಿಟ್ಟು, ಬೆರಳೆತ್ತಿ, ಕಿವಿಗೊಟ್ಟು ಕೂರುತ್ತಿದ್ದರು. ಹೆಂಡತಿಯ ಕಾಗದ ಇದ್ದರೆ ಬೆಲ್ಲು ಮನೆ ಮುಂದೆ ನಿಲ್ಲುತ್ತಿತ್ತು. ಇಲ್ಲದಿದ್ದರೆ ಮುಂದಕ್ಕೆ ಹೋಗಿ ಕರಗುತ್ತಿತ್ತು. ಆಗ ಬೆರಳು ಇಳಿಸಿ, ಬಿಟ್ಟ ಮಾತನ್ನು ಬಿಟ್ಟಲ್ಲಿಂದಲೇ ಹಿಡಿಯುತ್ತಿದ್ದರು.

ಒಂದು ಮಧ್ಯಾಹ್ನ ಬೆಲ್ಲು ಬಾರಿಸಿತು. ಮೇಷ್ಟ್ರು ಮಾತು ನಿಲ್ಲಿಸಲಿಲ್ಲ.

ಬೆಲ್ಲು ಹತ್ತಿರ ಬಂತು, ಮನೆ ಮುಂದೆಯೇ ನಿಂತಿತು. ಅಕ್ಕ ಹೋಗಿ ಕಾಗದ ಈಸಿಕೊಂಡರು. ಮೇಷ್ಟ್ರು ಯಾವುದೋ ಲ್ಯಾಟಿನ್ ಮಾತಿನ ಬೆನ್ನು ಹತ್ತಿ ಹೋಗುತ್ತಲೇ ಇದ್ದರು. ಅಕ್ಕ ಕಾಗದವನ್ನು ಕಣ್ಣ ಮುಂದೆ ಹಿಡಿದಾಗ ಮೇಷ್ಟ್ರು ಬೆಚ್ಚಿಬಿದ್ದರು. ಈ ಔಷಧಿ ಕೆಲವರ ಕಿವಿಗೆ ಹೊಡೆಯುತ್ತದೆ, ತಲೆ ತಿರುಗಿಸುತ್ತದೆ, ವಿಚಾರಿಸುತ್ತಿರು ಎಂದು ಡಾಕ್ಟ್ರು ಮೊದಲೇ ಹೇಳಿದ್ದರು. ನಾನು ವಿಚಾರಿಸದೆ ಬಿಟ್ಟವಳಲ್ಲ. ಜ್ವರ ಬಂತಾ, ಕೆಮ್ಮು ಹೇಗಿದೆ, ನಿದ್ದೆ ಬಂತಾ, ಕಿವಿ ಸರಿಯಿದೆಯಾ ಎಂದು ದಿನಾ ಕೇಳುತ್ತಿದ್ದೆ. ದಿನಾ ಉತ್ತರವೂ ಸಿಗುತ್ತಿತ್ತು. ಜ್ವರ ಇಲ್ಲ, ಕೆಮ್ಮು ಕಮ್ಮಿ, ನಿದ್ದೆ ಬಂತು, ಕಿವಿಗೇನಾಗಿದೆ, ಚೆನ್ನಾಗಿದೆ.

ಮಾರನೆಯ ದಿನ ಎಂದಿನಂತೆ ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದೆ. ಸೂಜಿ ಹಾಕುವ ಮುಂಚೆ, ಮೊದಲ ಪ್ರಶ್ನೆಯಾಗಿ ಕೇಳಿದೆ: "ಮೇಷ್ಟ್ರೇ, ರಾತ್ರಿ ಏನು ಊಟ ಮಾಡಿದ್ರಿ?"

"ಇಲ್ಲಮ್ಮ, ಬರಲಿಲ್ಲ" ಅಂದರು.

"ಅಕ್ಕ ಎಲ್ಲಿ ಹೋದ್ರು?"

"ಕಮ್ಮಿ ಆಗಿದೆ."

ನನ್ನ ಪ್ರಶ್ನೆಗಳ ಸಾಲು ಅವರಿಗೆ ಬಾಯಿಪಾಠವಾಗಿತ್ತು. ಯಾವುದರ ಹಿಂದೆ ಯಾವುದು ಬರುತ್ತದೆಂದು ಗೊತ್ತಿದ್ದರೆ ಕೇಳಿಸಿಕೊಳ್ಳುವ ಅಗತ್ಯವೇನು? ನರ್ಸಿಂಗ್ ಶಾಲೆಯಲ್ಲಿ ಕ್ರಮ ತಪ್ಪಬಾರದೆಂದು ಹೇಳಿಕೊಟ್ಟಿದ್ದರು, ನಾನು ತಪ್ಪಿರಲಿಲ್ಲ. ಕ್ರಮ ಹಿಡಿದು ಬದುಕಿದ ಮೇಷ್ಟ್ರು ಆ ಕ್ರಮದ ಹಿಂದೆಯೇ ಅಡಗಿ ಕೂತಿದ್ದರು.

ನಾನು ಬಟ್ಟೆ ಬಿಚ್ಚಿದೆ. ಹಾಗೆ ಮಾಡಬಾರದಿತ್ತು, ಆದರೆ ಬಿಚ್ಚಿದೆ. ನನ್ನ ಮುಖ ನೋಡಿದ ಕೂಡಲೇ ಅವರಿಗೆ ತಿಳಿಯಿತು. ಗೂಟಕ್ಕೆ ನೇತುಹಾಕಿದ್ದ ಸ್ಲೇಟು ತೆಗೆದು ನನ್ನ ಕಡೆ ಚಾಚಿದರು. 'ಯಾವಾಗಿನಿಂದ?' ಎಂದು ಬರೆದೆ.

"ಸ್ವಲ್ಪ ದಿನ ಆಯ್ತು. ಮೊದಲು ಗುಂಯ್ ಅಂತಿತ್ತು. ಆಮೇಲೆ ಗುಬ್ಬಿಗಳು ಹೋದವು..." ಎಂದರು. ಸ್ವಲ್ಪ ಜೋರಾಗಿಯೇ ಎಂದರು. "ಡಾಕ್ಟ್ರಿಗೆ ಹೇಳಬೇಡ ಕಣಮ್ಮ. ನಿಲ್ಲಿಸಿಬಿಡ್ತಾರೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇಷ್ಟು ಓದಿದವರು, ಔಷಧಿಯ ಹೆಸರಿನ ಬುಡ ಅಗೆದು ನೋಡಿದವರು, ನನ್ನನ್ನು ಹೀಗೆ ಏಮಾರಿಸಿದರಲ್ಲ ಎಂದು. ಜಗಲಿಗೆ ಬಂದು ಅಕ್ಕನ ಮೇಲೆ ಹರಿಹಾಯ್ದೆ. ಒಂದೇ ಮನೆಯಲ್ಲಿದ್ದು ಗೊತ್ತಾಗಲಿಲ್ಲವೇ ಅಂದೆ. ಅಕ್ಕ ಬತ್ತಿಯ ತಟ್ಟೆ ಪಕ್ಕಕ್ಕಿಟ್ಟು, "ಅವನು ಹುಟ್ಟಿದಾಗಿಂದ ನನ್ನ ಮಾತು ಕೇಳಿದ್ರೆ ತಾನೇ, ಈಗ ಕೇಳ್ತಿಲ್ಲ ಅಂತ ಗೊತ್ತಾಗೋದು?" ಎಂದರು. ಹೇಳಿದ ಮೇಲೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

ನಾನು ಡಾಕ್ಟ್ರಿಗೆ ಹೇಳಿದೆ. ಹೇಳದಿರುವ ಮಾತೇ ಇರಲಿಲ್ಲ. ಅವರು ಸಂಜೆಯೇ ಬಂದು, ಜೇಬಿನ ಗಡಿಯಾರವನ್ನು ಎರಡೂ ಕಿವಿಗೆ ಹಿಡಿದು ನೋಡಿದರು. ಮಿಡಿದರೆ ಗುಂಯ್ ಅನ್ನುವ ಕಬ್ಬಿಣದ ಕವೆಯೊಂದನ್ನು ಕಿವಿಯ ಬಳಿ ಹಿಡಿದರು. ಗೋಡೆ ಮುಟ್ಟದೆ ನಡೆಯಿರಿ ಅಂದರೆ ಮೇಷ್ಟ್ರು ಕುಡಿದವರ ಹಾಗೆ ತೂರಾಡಿದರು. ಡಾಕ್ಟ್ರು ಕೂತು, ಸ್ಲೇಟಿನ ಮೇಲೆ ನಿಧಾನವಾಗಿ ಬರೆದು ತಿಳಿಸಿದರು. ಇಂಜೆಕ್ಷನ್ ನಿಲ್ಲಿಸಿದರೆ ಉಳಿದಿರುವ ಕಿವಿ ಉಳಿಯಬಹುದು. ಆದರೆ ಅರ್ಧಕ್ಕೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು, ಆಗ ಇದೇ ಔಷಧಿ ನಾಟದೆ ಹೋಗಬಹುದು. ಸದ್ಯಕ್ಕೆ ತನ್ನ ಕೈಗೆ ಸಿಗುವಂಥ ಬೇರೆ ದಾರಿ ಇಲ್ಲ.

"ನಿಲ್ಲಿಸಿದ್ರೆ ಕಿವಿ ಉಳಿಯೋದು ಗ್ಯಾರಂಟಿಯಾ?" ಮೇಷ್ಟ್ರು ಕೇಳಿದರು.

ಡಾಕ್ಟ್ರು ತಲೆಯಾಡಿಸಿದರು. ಗ್ಯಾರಂಟಿ ಇಲ್ಲ.

"ಮುಂದುವರಿಸಿದ್ರೆ ಎದೆ?"

ಡಾಕ್ಟ್ರು ಸ್ಲೇಟು ಮುಟ್ಟಲಿಲ್ಲ. ಅವರ ಮುಖದಲ್ಲಿ ಆಸೆಯಿತ್ತು, ಅದನ್ನು ಮೇಷ್ಟ್ರು ಓದಿಕೊಂಡರು.

"ಹಾಗಾದ್ರೆ ಎದೆ. ಮಗೂನ ಎತ್ಕೊಳ್ಳೋಕೆ ಎದೆ ಬೇಕು, ಕಿವಿ ಬೇಕಾಗಿಲ್ಲ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಅವಳ ಊರಿಗೆ ತಿಳಿಸೋದು ಬೇಡ. ಮಾವನವರು ಇದನ್ನೇ ನೆವ ಮಾಡ್ಕೊಂಡಾರು. ಕಾಗದದಲ್ಲಿ ಕಿವಿ ಕಾಣಲ್ಲ" ಎಂದರು.

ಆಮೇಲಿನ ದಿನಗಳೇ ಬೇರೆ. ಮೊದಲು ಗುಣವಾಗಲಿ ಎಂದು ಚುಚ್ಚುತ್ತಿದ್ದೆ. ಈಗ ಚುಚ್ಚಿದಾಗಲೆಲ್ಲ ಒಂದು ಸದ್ದು ಕಿತ್ತುಕೊಳ್ಳುತ್ತಿದ್ದೇನೆ ಅನ್ನಿಸುತ್ತಿತ್ತು. ಅವರು ಯಾವುದನ್ನೂ ಮುಚ್ಚಿಡದೆ ವರದಿ ಒಪ್ಪಿಸುತ್ತಿದ್ದರು. ಲೋಟ ಬಿದ್ದದ್ದು ಕೇಳಲಿಲ್ಲ. ಅಕ್ಕನ ದನಿ ಇದೆ, ಮಾತಿಲ್ಲ. ಒಂದು ದಿನ ನನ್ನಿಂದ ಔಷಧಿಯ ಹೆಸರನ್ನು ಕಿವಿಯ ಹತ್ತಿರ ಜೋರಾಗಿ ಹೇಳಿಸಿದರು. ಅದರಲ್ಲಿದ್ದ ಸಕಾರಗಳು ಎರಡೂ ಹೋಗಿವೆಯೆಂದೂ, ನಡುವಿನ ಅಕ್ಷರಗಳು ಮಾತ್ರ ಗೊಗ್ಗರಾಗಿ ಉಳಿದಿವೆಯೆಂದೂ ಹೇಳಿದರು. "ಮೊದಲು ತನ್ನ ಹೆಸರನ್ನೇ ತಿಂತು ನೋಡು" ಎಂದರು. ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ.

ಅಂಥದೇ ಒಂದು ಮಧ್ಯಾಹ್ನ ಸ್ಲೇಟಿನ ಮೇಲೆ ಸಿಟ್ಟಿನಿಂದ ಬರೆದೆ: 'ಇಷ್ಟೆಲ್ಲ ಹೆಸರು ಬಿಡಿಸಿದಿರಿ, ಕಿವಿ ಹೋಗುತ್ತದೆಂದು ಅದರಲ್ಲಿ ಎಲ್ಲಿತ್ತು?'

ಮೇಷ್ಟ್ರು ಅದನ್ನು ಓದಿ ಸ್ಲೇಟನ್ನು ತೊಡೆಯ ಮೇಲಿಟ್ಟುಕೊಂಡರು. "ಹೆಸರಲ್ಲಿ ಅದರ ತವರು ಮಾತ್ರ ಇರುತ್ತಮ್ಮ. ಸೇರಿದ ಮನೇಲಿ ಏನು ಮಾಡುತ್ತೆ ಅನ್ನೋದು ಯಾವ ಹೆಸರಲ್ಲೂ ಇರಲ್ಲ" ಎಂದರು.

ಕೊನೆಕೊನೆಗೆ ಅವರಿಗೆ ಉಳಿದದ್ದು ಜಕ್ಕೂರಿನ ವಿಮಾನ ಒಂದೇ. ಹಾರಲು ಕಲಿಯುವ ಹುಡುಗರು ಆ ಪುಟ್ಟ ವಿಮಾನಗಳನ್ನು ನಮ್ಮ ಹೆಂಚುಗಳ ಮೇಲೆಯೇ ತಿರುಗಿಸುತ್ತಿದ್ದರು. ಊರವರೆಲ್ಲ ಅದನ್ನು ಶಪಿಸಿದರೆ ಮೇಷ್ಟ್ರು ಮುಖ ಮೇಲೆತ್ತಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಒಂದು ದಿನ ವಿಮಾನ ಹೋಯಿತು, ಅವರು ಮುಖ ಎತ್ತಲಿಲ್ಲ.

ಕಫ ಚೊಕ್ಕವಾಯಿತು. ಮತ್ತೆ ಮತ್ತೆ ಪರೀಕ್ಷೆ ಮಾಡಿಸಿದರೂ ಚೊಕ್ಕ. ಹೊಸ ಎಕ್ಸ್‌ರೇಯನ್ನು ಆಸ್ಪತ್ರೆಯಿಂದ ತಂದುಕೊಟ್ಟವಳೇ ನಾನು. ಕಲೆ ಇದ್ದ ಜಾಗದಲ್ಲಿ ಒಂದು ಸಣ್ಣ ಗಾಯದ ಗುರುತು ಬಿಟ್ಟರೆ ಏನಿಲ್ಲ. ಡಾಕ್ಟ್ರು ಕಾಗದ ಬರೆದರು, ಮಾವನವರು ಒಪ್ಪಿದರು. ಹೆಸರಿಡುವ ಕಾರ್ಯ ಮೇಷ್ಟ್ರ ಮನೆಯಲ್ಲೇ ಎಂದು ಗೊತ್ತಾಯಿತು. ಮಗು ಆಗಲೇ ಬೋರಲು ಬಿದ್ದು ಅಂಬೆಗಾಲಿಡುವಷ್ಟಾಗಿತ್ತು.

ಕಾರ್ಯದ ಬೆಳಿಗ್ಗೆ ಅಕ್ಕ ತಮ್ಮನ ಎದುರು ಕೂತು, ಸನ್ನೆ ಮಾಡಿ, ಸ್ಲೇಟಿನಲ್ಲಿ ಬರೆದು ತಾಕೀತು ಮಾಡಿದರು. ಯಾರಾದರೂ ಮಾತಾಡಿಸಿದರೆ ತಾನು ಮೊಣಕೈಯಲ್ಲಿ ತಿವಿಯುತ್ತೇನೆ, ಅವನು ನಕ್ಕರೆ ಸಾಕು. ಮಿಕ್ಕದ್ದು ತನಗಿರಲಿ. ಬಸ್ಸಿಳಿದು ಬಂದವರೆಲ್ಲ ಆಶ್ಚರ್ಯಪಟ್ಟರು. ಕಾಯಿಲೆ ಬಿದ್ದೆದ್ದ ಮೇಲೆ ಮೇಷ್ಟ್ರು ಎಷ್ಟು ನಗುಮುಖದವರಾಗಿದ್ದಾರೆ! ಅವರ ಹೆಂಡತಿ ಮಾತ್ರ ಬಾಗಿಲ ಮರೆಯಿಂದ ಗಂಡನನ್ನು ಮತ್ತೆ ಮತ್ತೆ ನೋಡುತ್ತಿದ್ದರು. ನಾನು ಮೂಲೆಯಲ್ಲಿ ಕೂತು, ಇದೊಂದು ಗಂಟೆ ಕಳೆದರೆ ಸಾಕಪ್ಪ ಎಂದು ದೇವರಿಗೆ ಮೊರೆಯಿಡುತ್ತಿದ್ದೆ.

ಅವರ ಮನೆತನದಲ್ಲಿ ಮಗುವಿನ ಹೆಸರನ್ನು ಅಪ್ಪನೇ ಮೊದಲು ಅದರ ಬಲಗಿವಿಯಲ್ಲಿ ಉಸುರಬೇಕು. ಮಗು ಕೇಳುವ ಮುಂಚೆ ಅದು ಇನ್ನೊಬ್ಬರ ಕಿವಿಗೆ ಬೀಳಬಾರದು. ಅದಕ್ಕೇ ಮೇಷ್ಟ್ರು ಆ ಹೆಸರನ್ನು ಯಾರಿಗೂ ಹೇಳಿರಲಿಲ್ಲ. ಹೆಂಡತಿ ಮಗುವನ್ನು ತಂದು ಅವರ ತೊಡೆಯ ಮೇಲಿಟ್ಟರು. ಹುಟ್ಟಿದ ಮೇಲೆ ಅವರು ಮಗುವನ್ನು ಮುಟ್ಟಿದ್ದು ಅದೇ ಮೊದಲು. ಎದೆಗೆ ಒತ್ತಿಕೊಂಡರು. ಆಮೇಲೆ ಶಲ್ಯವನ್ನು ಮರೆ ಮಾಡಿ, ಬಾಗಿ, ಪುಟ್ಟ ಕಿವಿಯ ಬಳಿ ಬಾಯಿ ತಂದು ಹೆಸರು ಹೇಳಿದರು.

"ವಿಮಲಾ."

ಕ್ಲಾಸಿನ ಕೊನೆಯ ಬೆಂಚಿಗೆ ಮುಟ್ಟುವಂಥ ದನಿ. ಜಗಲಿಯಲ್ಲಿದ್ದವರಿಗೆ ಕೇಳಿತು, ಒಲೆಯ ಮುಂದಿದ್ದ ಹೆಂಗಸರಿಗೆ ಕೇಳಿತು. ತಮ್ಮ ದನಿ ಎಷ್ಟು ಏರಿದೆಯೆಂದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಪದ್ಧತಿಯ ಪ್ರಕಾರ ಮೂರು ಸಲ ಹೇಳಬೇಕಿತ್ತು, ಮೂರು ಸಲವೂ ಹಾಗೇ ಹೇಳಿದರು. ಯಾರೋ ಕಿಸಕ್ಕನೆ ನಕ್ಕು, ತಕ್ಷಣ ಸುಮ್ಮನಾದರು. ಮಗು ಬೆದರಿ ಕಿಟಾರನೆ ಕಿರುಚಿತು. ಶಲ್ಯದ ಮರೆಯಲ್ಲಿ ಅದರ ಮುಖ ಕಾಣದ ಮೇಷ್ಟ್ರು, ಅದು ನಿದ್ದೆ ಹೋಗಿದೆ ಎಂಬಂತೆ ಮೆಲ್ಲಗೆ ತಟ್ಟುತ್ತ, ಎಲ್ಲರ ಕಡೆ ನೋಡಿ ನಗುತ್ತಿದ್ದರು.

ಮಾವನವರು ಎದ್ದು ನಿಂತರು. "ಇದ್ಯಾಕೆ ಇಂಗೆ..." ಎಂದು ಶುರು ಮಾಡಿದ್ದನ್ನು ಮಗಳು ಕೈಯೆತ್ತಿ ತಡೆದರು. ಆಕೆ ಗಂಡನ ಅಕ್ಕನನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿದೆ. ಅಷ್ಟೇ ಸಾಕಾಯಿತು. ಆಕೆ ಗಂಡನ ಎದುರಿಗೆ ಬಂದು ಮಂಡಿಯೂರಿ ಕೂತರು. ಅವರ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, ಒಂದೊಂದು ಅಕ್ಷರಕ್ಕೂ ತುಟಿ ಬಿಡಿಸಿ ಹೇಳಿದರು:

"ಕೇಳಿಸ್ತು. ಮಗೂಗೆ ಕೇಳಿಸ್ತು."

ಮೇಷ್ಟ್ರು ಆ ತುಟಿಗಳನ್ನೇ ನೋಡಿದರು. ನಗು ನಿಂತಿತು. ಎಲ್ಲರ ಎದುರಿಗೆ, ಮಗುವನ್ನು ಹಿಡಿದುಕೊಂಡೇ, ಗಂಡಸು ಅಳಬಾರದ ಹಾಗೆ ಅತ್ತರು.

ಮಾವನವರು ಊಟ ಮುಗಿಸಿಕೊಂಡು ಒಬ್ಬರೇ ಬಸ್ಸು ಹತ್ತಿದರು. ಮಗಳನ್ನು ಕರೆಯುವ ಧೈರ್ಯ ಅವರಿಗೆ ಬರಲಿಲ್ಲ, ಕರೆದಿದ್ದರೂ ಆಕೆ ಹೋಗುತ್ತಿರಲಿಲ್ಲ. ಶಾಲೆಯ ಕೆಲಸ ಹೋಯಿತು. ಮೇಷ್ಟ್ರು ಬೆಂಗಳೂರಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಹಿಡಿದು, ದಿನಾ ರೈಲಿನಲ್ಲಿ ಹೋಗಿ ಬರತೊಡಗಿದರು. ಮೆಷಿನ್ನಿನ ಸದ್ದಿಗೆ ಉಳಿದವರಿಗೆಲ್ಲ ತಲೆನೋವು, ತನಗೊಬ್ಬನಿಗೇ ಆರಾಮ ಎಂದು ಹೇಳಿಕೊಂಡು ನಗುತ್ತಿದ್ದರು. ಎದೆಯ ಕಾಯಿಲೆ ಮತ್ತೆ ಬರಲಿಲ್ಲ. ಮಗಳಿಗಿಟ್ಟ ಹೆಸರಿನ ಅರ್ಥವನ್ನು ಅವರು ನನಗೆ ಬಿಡಿಸಿ ಹೇಳಲಿಲ್ಲ. ಕಲೆಯಿಲ್ಲದ ಎಕ್ಸ್‌ರೇ ಹಿಡಿದು ತಂದವಳಿಗೆ ಹೇಳುವ ಅಗತ್ಯವೂ ಇರಲಿಲ್ಲ.

ನಾನು ಮದುವೆಯಾಗಿ ಯಶವಂತಪುರಕ್ಕೆ ಬಂದೆ. ಹೋಗಿ ಬರುವುದು ಕಮ್ಮಿಯಾಯಿತು, ಆದರೆ ನಿಲ್ಲಲಿಲ್ಲ. ಅವರ ಬೀದಿಯ ಹೆಂಚಿನ ಮನೆಗಳೆಲ್ಲ ಹೋಗಿ ಮಹಡಿಗಳು ಎದ್ದಿವೆ. ಅಕ್ಕ ಇಲ್ಲ, ಮೇಷ್ಟ್ರ ಹೆಂಡತಿಯೂ ಇಲ್ಲ. ಈಗ ನನಗೂ ಡಾಕ್ಟ್ರು ಏನೇನೋ ಮಾತ್ರೆ ಬರೆದುಕೊಡುತ್ತಾರೆ. ಒಂದೊಂದರ ಹೆಸರೂ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ. ಅವು ಯಾವ ಮನೆಯಿಂದ ಬಂದವೆಂದು ಬಿಡಿಸಿ ಹೇಳುವವರಿಲ್ಲ, ನುಂಗಿ ನೀರು ಕುಡಿಯುತ್ತೇನೆ.

ಮೇಷ್ಟ್ರ ಮಗಳು ಈಗ ಅವಳೇ ಅಜ್ಜಿ. ನಮ್ಮ ಮನೆಯಲ್ಲಿ ಫೋನಿದೆ, ಅವಳ ಮನೆಯಲ್ಲೂ ಇದೆ. ಹೋದ ವರ್ಷ ಒಂದು ಬೆಳಿಗ್ಗೆ ಅವಳು ಯಲಹಂಕದಿಂದ ಬಸ್ಸು ಹತ್ತಿ ಬಂದಳು. ಬಾಗಿಲು ತೆಗೆದೆ. ನನ್ನ ಕಿವಿ ಚೆನ್ನಾಗಿ ಕೇಳುತ್ತದೆಂದು ಅವಳಿಗೆ ಗೊತ್ತು. ಆದರೂ ನನ್ನ ಎದುರಿಗೆ ಬಂದು ನಿಂತು, ನನ್ನ ಗಲ್ಲ ಹಿಡಿದು ತನ್ನ ಮುಖದ ಕಡೆ ತಿರುಗಿಸಿಕೊಂಡಳು. ದನಿಯೇ ಇಲ್ಲದೆ, ಒಂದೊಂದು ಅಕ್ಷರಕ್ಕೂ ತುಟಿ ಬಿಡಿಸಿ ಹೇಳಿದಳು:

"ಅಪ್ಪ ಹೋದ್ರು."